ಹಸಿರಾದ ಬಟಾಟಿ ತಿನ್ನಬಹುದೇ?

ಕೇಳುಗರಿಗೆ ನಮಸ್ಕಾರ. ಬೆಳಗಾವಿ ಸೀಮೆಯ ಅಕ್ಕಂದಿರೇ, ರೊಟ್ಟಿ ಬಡಿಯುತ್ತಲೇ ಕೇಳಿ. ನಾನು ಹೇಳುವುದು ಒಂದೇ ಮಾತು. ಹಸಿರಾದ ಬಟಾಟಿಯ ವಿಷ ಬೇಯಿಸಿದರೆ ಹೋಗುವುದಿಲ್ಲ.

ಬೆಳಕು ಬಿದ್ದ ಬಟಾಟಿ ಹಸಿರಾಗುತ್ತದೆ. ಎಲೆಯಲ್ಲಿರುವ ಹಸಿರೇ ಅದು, ಅದರಿಂದ ತೊಂದರೆ ಇಲ್ಲ. ಆದರೆ ಅದೇ ಬೆಳಕಿಗೆ ಸೋಲನಿನ್, ಚಾಕೊನಿನ್ ಎಂಬ ವಿಷವೂ ಸಿಪ್ಪೆಯಲ್ಲಿ ಹೆಚ್ಚುತ್ತದೆ. ಮೊಳಕೆಯಲ್ಲಂತೂ ಇನ್ನೂ ಜಾಸ್ತಿ.

ಖಾನಾಪುರದ ಹತ್ತಿರ ನಮ್ಮ ಚಿಗವ್ವನ ಮನೆ. ದೀಪಾವಳಿಗೆ ಹೋಗಿದ್ದೆವು. ಹೊಲದಿಂದ ಹೊಸ ಬಟಾಟಿ ಬಂದಿತ್ತು. ಕೊಳೆಯಬಾರದು, ಗಾಳಿಯಾಡಲಿ ಎಂದು ಚಿಗವ್ವ ಕಿಟಕಿಯ ಕೆಳಗೆ ಹರವಿದ್ದಳು. ಹದಿನೈದು ದಿನ ಬೆಳಕು ಕುಡಿದು ಮೇಲಿನವೆಲ್ಲ ಹಸಿರಾಗಿದ್ದವು. "ಚಿಗವ್ವಾ, ಇವು ಬ್ಯಾಡ" ಎಂದೆ. "ಕುದಿಸಿದ್ರ ಎಲ್ಲಾ ಹೋಗ್ತೈತಿ, ನೀ ಸುಮ್ನ ಕೂಡು" ಎಂದಳು. ಸಿಪ್ಪೆ ಸಮೇತ ಹೆಚ್ಚಿ ಪಲ್ಯ ಮಾಡಿದಳು. ಬಾಯಿಗಿಟ್ಟರೆ ಕಹಿ, ಗಂಟಲಲ್ಲಿ ಉರಿ. ಮಕ್ಕಳು ತಟ್ಟೆ ಸರಿಸಿದರು. ಕಾಕಾ ಮಾತ್ರ ಅನ್ನ ಚೆಲ್ಲಬಾರದು ಎಂದು ಪೂರ್ತಿ ತಿಂದರು. ರಾತ್ರಿ ಹೊಟ್ಟೆ ಹಿಡಿದುಕೊಂಡು ಕೂತರು. ವಾಂತಿ, ಭೇದಿ, ತಲೆನೋವು. ಮರುದಿನ ಸಂಜೆಗೆ ಚೇತರಿಸಿಕೊಂಡರು. ಆದರೆ ಬೆವೆತ ಅವರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಅಲ್ಲಿ ತಪ್ಪು ಮಾಡಿದ್ದು ಮಕ್ಕಳಲ್ಲ, ನೋಡಿ. ಕಹಿ ಹತ್ತಿದ ಕೂಡಲೇ ಬಿಟ್ಟಿದ್ದೇ ಸರಿ. ಊಟ ಬಿಟ್ಟ ಮಗುವನ್ನು ಗದರಿಸುವ ಮೊದಲು ನೀವೂ ಒಂದು ಹೋಳು ಬಾಯಿಗೆ ಹಾಕಿಕೊಳ್ಳಿ.

ನೀರು ಕುದಿಯುವುದು 100 ಡಿಗ್ರಿಗೆ. ಆ ಕಾವು ಈ ವಿಷಕ್ಕೆ ಸಾಲದು. ಕುಕ್ಕರಿನಲ್ಲಿಟ್ಟರೂ ಅಷ್ಟೇ, ಎಣ್ಣೆಯಲ್ಲಿ ಕರಿದರೂ ಅಷ್ಟೇ. ಎಷ್ಟು ಸಲ ಹೇಳಿದರೂ ಜನ ಕುದಿಸಿದರೆ ಆಯಿತು ಅಂತಲೇ ಅನ್ನುತ್ತಾರೆ. ಹೋಗುವುದಿಲ್ಲ! 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ ರಜೆಗೆ ಮುಂಚಿನಿಂದ ಉಳಿದಿದ್ದ ಬಟಾಟಿ ಬೇಯಿಸಿ ಬಡಿಸಿದರು. 78 ಹುಡುಗರು ಹಾಸಿಗೆ ಹಿಡಿದರು.

ಅಲ್ಲೊಂದು ಇಲ್ಲೊಂದು ಹಸಿರು ಚುಕ್ಕೆ ಇದ್ದರೆ ಸಿಪ್ಪೆಯನ್ನು ದಪ್ಪಗೆ ಹೆರೆಯಿರಿ, ಕಣ್ಣು ಕೊರೆದು ತೆಗೆಯಿರಿ. ಅರ್ಧಕ್ಕರ್ಧ ಹಸಿರಾಗಿದ್ದರೆ ತಿಪ್ಪೆಗೆ ಹಾಕಿ. ಎಮ್ಮೆಗೂ ಹಾಕಬೇಡಿ, ಅದಕ್ಕೂ ವಿಷವೇ.

ರೈತ ಅಣ್ಣಂದಿರಿಗೆ ಒಂದು ಮಾತು. ನಮ್ಮ ಕಡೆ ಮಳೆಗಾಲದ ಬೆಳೆ. ಮಳೆಗೆ ಬೋದಿನ ಮಣ್ಣು ತೊಳೆದುಹೋಗಿ ಗಡ್ಡೆ ಹೊರಗೆ ಕಂಡರೆ ಅಲ್ಲೇ ಹಸಿರಾಗುತ್ತದೆ. ಬುಡಕ್ಕೆ ಮಣ್ಣು ಏರಿಸಿ.

ನನ್ನ ಸಮಯ ಮುಗಿಯುತ್ತಾ ಬಂತು. ಅಕ್ಕಂದಿರೇ, ರೊಟ್ಟಿ ಆದ ಮೇಲೆ ಎದ್ದು ನಿಮ್ಮ ಬಟಾಟಿ ಬುಟ್ಟಿ ಎಲ್ಲಿದೆ ನೋಡಿ. ಕಿಟಕಿ ಹತ್ತಿರ ಇದ್ದರೆ ಕತ್ತಲ ಮೂಲೆಗೆ ಸರಿಸಿ, ಮೇಲೊಂದು ಗೋಣಿಚೀಲ ಹೊದಿಸಿ. ನಮಸ್ಕಾರ.