ಹುಬ್ಬು ನೋಡಿ ಹೇಳೋಕಾಗಲ್ಲ

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗದ ಗಾಂಧಿ ಬಜಾರಿನ ಬಳೆ ಅಂಗಡಿಗೆ ನಲವತ್ತು ದಾಟಿದ ಗಂಡಸೊಬ್ಬರು ಬಂದು, "ಎರಡು ಹತ್ತರಲ್ಲಿ ಹಸಿರು ಗಾಜಿನ ಬಳೆ ಒಂದು ಡಜನ್ ಕೊಡಿ" ಅಂತ ಕೇಳಿದರು ಅಂದುಕೊಳ್ಳಿ. ಅಂಗಡಿಯವರು ಕಾಗದದಲ್ಲಿ ಸುತ್ತಿ ಕೊಟ್ಟರು, ಕಾಸು ಇಸಕೊಂಡರು, ಅಲ್ಲಿಗೆ ಮುಗಿಯಿತು. ಪಕ್ಕದಲ್ಲಿ ನಿಂತವರಿಗೆ ಮಾತ್ರ ತಲೆಯಲ್ಲಿ ಹುಳ ಹೊಕ್ಕಿತು. ಎರಡು ಹತ್ತು ಅಂದರೆ ದೊಡ್ಡ ಕೈ. ಯಾರಿಗಿರಬಹುದು? ಹೆಂಡತಿಗೋ, ಅಥವಾ... ಅಲ್ಲಿಂದ ಹೊರಟ ಊಹೆ ಬಸ್ಸಿನ ಪಕ್ಕದ ಸೀಟು, ಬ್ಯಾಂಕಿನ ಕೌಂಟರು, ಅಡಿಕೆ ಮಂಡಿಯ ಗುಮಾಸ್ತರ ಮೇಜು, ಎಲ್ಲ ಕಡೆ ಸುತ್ತಿ ಬರುತ್ತದೆ. ದಿನಾ ನೋಡುವ ಮುಖಗಳಲ್ಲಿ, ಕೋಣೆಯ ಚಿಲಕ ಹಾಕಿಕೊಂಡು ಸೀರೆ ಉಡುವ ಗಂಡಸರು ಯಾರಿರಬಹುದು?

ಊಹೆ ಹುಟ್ಟೋದು ಸಹಜ. ಅದು ಯಾಕೆ ಸದಾ ದಾರಿ ತಪ್ಪುತ್ತದೆ ಅನ್ನೋದನ್ನ ಬಳೆಯಿಂದಲೇ ನೋಡೋಣ. ಎರಡು ಹತ್ತು ಅಂದರೆ ಬಳೆಯ ಒಳಗಿನ ಅಗಲ 2 ಇಂಚು, ಅದರ ಮೇಲೆ ಇಂಚಿನ ಹದಿನಾರರಲ್ಲಿ 10 ಪಾಲು. ಸುಮಾರು 67 ಮಿಲಿಮೀಟರ್. ಎರಡು ನಾಲ್ಕು ಅಂದರೆ 57, ಎರಡು ಆರು ಅಂದರೆ 60. ಬಳೆ ಸಿಕ್ಕಿಕೊಳ್ಳೋದು ಮಣಿಕಟ್ಟಿನಲ್ಲಲ್ಲ, ಹೆಬ್ಬೆರಳನ್ನು ಕಿರುಬೆರಳ ಕಡೆ ಮಡಚಿದಾಗ ಉಬ್ಬುವ ಗೆಣ್ಣುಗಳ ಸಾಲಿನಲ್ಲಿ. ಗಂಡಸಿನ ಕೈಗೆ ಹೆಚ್ಚಾಗಿ ಎರಡು ಹತ್ತು ಇಲ್ಲವೇ ಎರಡು ಹನ್ನೆರಡು ಬೇಕಾಗುತ್ತದೆ, ಇದು ನಿಜ. ಆದರೆ ತೋಟದಲ್ಲಿ ದುಡಿದು, ಅಡಿಕೆ ಸುಲಿದು ಗೆಣ್ಣು ಗಟ್ಟಿಯಾದ ಹೆಂಗಸರಿಗೂ ಅದೇ ಅಳತೆ ಬೇಕು. ಮಲೆನಾಡಿನಲ್ಲಿ ಅಂಥ ಕೈಗಳಿಗೇನು ಬರವೇ?

ಮುಂದೆ ಹೋಗುವ ಮೊದಲು ಒಂದು ಮಾತು. ಇಲ್ಲಿ ಹೇಳುತ್ತಿರುವುದು ಕ್ರಾಸ್‌ಡ್ರೆಸ್ಸರ್ ಅನ್ನಿಸಿಕೊಳ್ಳುವವರ ವಿಷಯ. ಇವರು ಗಂಡಸರಾಗಿಯೇ ಬದುಕುವವರು. ಆಗೊಮ್ಮೆ ಈಗೊಮ್ಮೆ ಹೆಣ್ಣುಡುಗೆ ತೊಡುತ್ತಾರೆ, ಅಷ್ಟೇ. ಪದ್ಮಶ್ರೀ ಮಂಜಮ್ಮ ಜೋಗತಿಯವರಂಥವರು ಹೆಣ್ಣಾಗಿಯೇ ಬದುಕುವವರು, ಅವರ ಸೀರೆ ವೇಷವಲ್ಲ. ಎರಡನ್ನೂ ಒಂದೇ ಚೀಲಕ್ಕೆ ತುಂಬಬಾರದು. ಇನ್ನು, ಸೀರೆ ಉಡುವ ಗಂಡಸಿಗೆ ಗಂಡಸರ ಮೇಲೇ ಆಸೆ ಅನ್ನೋದು ಇನ್ನೊಂದು ತಪ್ಪು ತಿಳಿವಳಿಕೆ. ಜರ್ಮನಿಯ ವೈದ್ಯ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1910ರಲ್ಲೇ 17 ಜನರನ್ನು ವಿವರವಾಗಿ ನೋಡಿ, ಇವೆರಡು ಬೇರೆ ಬೇರೆ ವಿಷಯ ಅಂತ ಬರೆದಿಟ್ಟರು.

ಈಗ ಜನ ಹುಡುಕುವ ಗುರುತುಗಳಿಗೆ ಬರೋಣ. ಎಲ್ಲರ ಕಣ್ಣೂ ಮೊದಲು ಹುಬ್ಬಿಗೆ ಹೋಗುತ್ತದೆ. ತೆಳ್ಳಗೆ ತಿದ್ದಿದ ಹುಬ್ಬು ಕಂಡರೆ ಸಂಶಯ. ಈಗ ಹುಡುಗರು ಕಟಿಂಗ್ ಜೊತೆಗೇ ಹುಬ್ಬನ್ನೂ ತಿದ್ದಿಸಿಕೊಂಡು ಬರುತ್ತಾರೆ. ಥೈರಾಯ್ಡ್ ಕಡಿಮೆಯಾದ ಕೆಲವರಿಗೆ ಹುಬ್ಬಿನ ಹೊರತುದಿಯ ಕೂದಲು ತಾನಾಗಿ ಉದುರುತ್ತದೆ. ಗುಟ್ಟು ಕಾಪಾಡಬೇಕಾದವರೋ ಹುಬ್ಬನ್ನು ಮುಟ್ಟುವುದೇ ಇಲ್ಲ, ಯಾಕೆಂದರೆ ಅದು ಬೆಳಿಗ್ಗೆ ಹೊತ್ತಿಗೆ ವಾಪಸ್ ಬರಲ್ಲ. ಅವರು ಮಾಡೋದು ಹಳೆಯ ನಾಟಕದವರ ಉಪಾಯ. ಒದ್ದೆ ಸೋಪಿನ ತುಂಡನ್ನು ಹುಬ್ಬಿನ ಮೇಲೆ ತಿಕ್ಕಿ ಕೂದಲನ್ನು ಚರ್ಮಕ್ಕೆ ಅಂಟಿಸಿ, ಒಣಗಿದ ಮೇಲೆ ಬಣ್ಣ ಹಚ್ಚಿ, ತುಸು ಮೇಲಕ್ಕೆ ಹೊಸ ಹುಬ್ಬು ಬರೆಯುವುದು. ಸೋಪು ಪೂರ್ತಿ ಒಣಗುವ ಮುಂಚೆ ಬಣ್ಣ ಹಚ್ಚಿದರೆ ಎಲ್ಲಾ ಮುದ್ದೆ. ತೊಳೆದರೆ ಮೊದಲಿನ ಪೊದೆ ಹುಬ್ಬೇ ಕಾಣುತ್ತದೆ. ಹಾಗಾಗಿ ನಿಮ್ಮ ಕಣ್ಣಿಗೆ ಬಿದ್ದ ತಿದ್ದಿದ ಹುಬ್ಬು ಬಹುಮಟ್ಟಿಗೆ ನೀವು ಹುಡುಕುತ್ತಿರುವವರದ್ದಲ್ಲ.

ಉಗುರಿನದೂ ಇದೇ ಕತೆ. ಗಾಢ ಬಣ್ಣವನ್ನು ಅಡಿಗೆ ಪಾರದರ್ಶಕ ಪಾಲಿಶ್ ಹಚ್ಚದೆ ನೇರ ಹಚ್ಚಿದರೆ, ಒರೆಸಿದ ಮೇಲೂ ಉಗುರು ಹಳದಿ ತಿರುಗುತ್ತದೆ, ಬುಡದ ಚರ್ಮದ ಅಂಚಿನಲ್ಲಿ ಕೆಂಪು ಗೆರೆ ಉಳಿಯುತ್ತದೆ. ಆದರೆ ಅಡಿಕೆ ಸುಗ್ಗಿಯಲ್ಲಿ ತೀರ್ಥಹಳ್ಳಿ, ಸಾಗರದ ಕಡೆ ಯಾರ ಉಗುರು ಕೆಂಪಾಗಿರಲ್ಲ ಹೇಳಿ? ಅಡಿಕೆ ಚೊಗರಿನ ಕಲೆ ಯಾವ ಪಾಲಿಶ್‌ಗೂ ಕಮ್ಮಿಯಿಲ್ಲ, ಪಾಲಿಶ್ ತೆಗೆಯುವ ಅಸಿಟೋನಿಗೂ ಜಗ್ಗಲ್ಲ.

ಕಣ್ಣಿನ ಕಾಡಿಗೆ ಇದ್ದುದರಲ್ಲಿ ಗಟ್ಟಿ ಗುರುತು. ಅದು ಎಣ್ಣೆ, ಮೇಣ, ಮಸಿಯ ಮಿಶ್ರಣ. ನೀರು ಸೋಪಿಗೆ ಪೂರ್ತಿ ಬಿಡಲ್ಲ, ರೆಪ್ಪೆಗೂದಲಿನ ಬುಡದಲ್ಲಿ ಕೂತುಬಿಡುತ್ತದೆ. ತೆಂಗಿನೆಣ್ಣೆ ಅದ್ದಿದ ಹತ್ತಿಯನ್ನು ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಎಳೆಯಬೇಕು. ಅಡ್ಡಡ್ಡ ತಿಕ್ಕಿದರೆ ಕಣ್ಣು ಕೆಂಪಾಗುತ್ತದೆ, ಮಸಿ ಇನ್ನಷ್ಟು ಒಳಗೆ ಹೋಗುತ್ತದೆ. ಹಾಗಂತ ಬೆಳಿಗ್ಗೆ ಆರರ ಬಸ್ಸಿನಲ್ಲಿ ಕಣ್ಣಂಚು ಕಪ್ಪಾಗಿ, ಬಾಯಿ ತೆರೆದು ಮಲಗಿದ ಗಂಡಸನ್ನು ನೋಡಿ ಕತೆ ಕಟ್ಟಬೇಡಿ. ದೀಪಾವಳಿ ಕಳೆದ ಮೇಲೆ ಮಳೆಗಾಲದ ತನಕ ಯಕ್ಷಗಾನ ಮೇಳಗಳ ತಿರುಗಾಟ. ಆತ ರಾತ್ರಿಯಿಡೀ ಕುಣಿದು ಬಂದ ಪುಂಡುವೇಷದವನೋ, ದ್ರೌಪದಿಯೋ ಇದ್ದಾನು.

ಯಕ್ಷಗಾನದ ಹೆಣ್ಣುವೇಷ ಅಂದಾಗ ಜನರಿಗೆ ತಟ್ಟನೆ ಉತ್ತರ ಸಿಕ್ಕ ಹಾಗಾಗುತ್ತದೆ. ಸಿಕ್ಕಿಲ್ಲ. ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷ ನೋಡಿದವರಿಗೆ ಗೊತ್ತು, ಅದು ಕಲಿತ ವಿದ್ಯೆ, ಸಾವಿರ ಜನರ ಮುಂದೆ ತೋರಿಸುವಂಥದ್ದು. ಕೋಣೆಯೊಳಗಿನದು ಯಾರಿಗೂ ತೋರಿಸದ ಸಂಗತಿ. ಸಾಮಾನು ಮಾತ್ರ ಒಂದೇ, ತೊಂದರೆಯೂ ಒಂದೇ. ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲ. ಲಂಗದೊಳಗೆ ಸಿಕ್ಕಿಸಲು 3 ಇಂಚು ಹೋದರೆ ಉಳಿಯುವುದು 42. ತುಂಬಾ ಎತ್ತರದವರು ಹೊಕ್ಕುಳ ಮಟ್ಟಕ್ಕೆ ಉಟ್ಟರೆ ಕಾಲಿನ ಗಂಟು ಕಾಣುತ್ತದೆ. ಲಾಡಿಯನ್ನು ಎರಡು ಬೆರಳು ಕೆಳಗೆ ಕಟ್ಟಿದರೆ ಉದ್ದ ಸರಿಹೋಗುತ್ತದೆ, ಆದರೆ ಗಂಡಸಿನ ಸೊಂಟ ನೇರ, ಲಂಗಕ್ಕೆ ಆತು ನಿಲ್ಲಲು ಜಾಗ ಇಲ್ಲ, ಹತ್ತು ಹೆಜ್ಜೆಗೆ ನೆರಿಗೆ ಜಾರುತ್ತದೆ. ಚೌಕಿಯಲ್ಲಿ, ಅಂದರೆ ಮೇಳದವರು ವೇಷ ಕಟ್ಟುವ ಜಾಗದಲ್ಲಿ, ಬಟ್ಟೆ ತುಂಬಿ ಸೊಂಟ ದಪ್ಪ ಮಾಡುತ್ತಾರೆ, ಬಿಗಿಯಲು ಇನ್ನೊಬ್ಬರ ಕೈ ಇರುತ್ತದೆ. ಕೋಣೆಯಲ್ಲಿರುವವರಿಗೆ ಇರೋದು ಎರಡು ಮಡಚಿದ ಟವೆಲು, ನಾಲ್ಕು ಪಿನ್ನು, ಮನೆಯವರು ದೇವಸ್ಥಾನದಿಂದ ವಾಪಸಾಗುವ ತನಕದ ಮುಕ್ಕಾಲು ಗಂಟೆ.

ಗಡ್ಡದ ವಿಷಯವೂ ಹಾಗೇ. ಎಷ್ಟೇ ನುಣ್ಣಗೆ ಬೋಳಿಸಿದರೂ ಚರ್ಮದಡಿಯ ಕಪ್ಪು ಬುಡ ನೀಲಿಯಾಗಿ ಕಾಣುತ್ತದೆ. ಅದರ ಮೇಲೆ ನೇರ ಬಿಳಿ ಪೌಡರ್ ಹಾಕಿದರೆ ಬೂದಿ ಬಳಿದ ಹಾಗೆ. ಮೊದಲು ಕಿತ್ತಳೆ ಛಾಯೆಯ ಬಣ್ಣವನ್ನು ಬೆರಳ ತುದಿಯಲ್ಲಿ ತಟ್ಟಿ, ಆಮೇಲೆ ಮೈಬಣ್ಣ ಹಚ್ಚಬೇಕು. ನೀಲಿಯನ್ನು ಕೊಲ್ಲೋದು ಕಿತ್ತಳೆ.

ಇನ್ನು ಲೆಕ್ಕ. ಸ್ವೀಡನ್ನಿನಲ್ಲಿ 1996ರಲ್ಲಿ 18ರಿಂದ 60 ವರ್ಷದ 2,450 ಜನರನ್ನು ಕೇಳಿದ್ದರು. ಬೇರೆ ಲಿಂಗದ ಉಡುಪು ತೊಟ್ಟು ಒಮ್ಮೆಯಾದರೂ ಕಾಮಸುಖ ಅನುಭವಿಸಿದ್ದೇವೆ ಅಂದ ಗಂಡಸರು ನೂರಕ್ಕೆ 2.8. ಬರೀ ನೆಮ್ಮದಿಗೆ ಉಡುವವರು ಈ ಲೆಕ್ಕದಲ್ಲಿಲ್ಲ, ಆ ಅಂಕಿಯನ್ನು ತಂದು ಹೊಸನಗರಕ್ಕೆ ಹೊಂದಿಸೋದೂ ಸರಿಯಲ್ಲ. ಉದಾಹರಣೆಗೆ ಅಂತ ಇಟ್ಟುಕೊಳ್ಳಿ: ಬಸ್ಸಿನಲ್ಲಿ 40 ಗಂಡಸರು, ಅವರಲ್ಲಿ ಒಬ್ಬರು ಅಂಥವರು. ಕಾಡಿಗೆಯೋ ಉಗುರೋ ಹುಬ್ಬೋ, ಒಂದಲ್ಲ ಒಂದು ಗುರುತು ಆ ಒಬ್ಬರಲ್ಲಿ ಇದ್ದೇ ಇದೆ ಅಂದುಕೊಂಡರೂ, ಉಳಿದ 39 ಜನರಲ್ಲಿ ಬೇರೆ ಬೇರೆ ಕಾರಣಕ್ಕೆ ಐದು ಜನರಲ್ಲಿ ಅದೇ ಗುರುತು ಸಿಗುತ್ತದೆ. ಆರು ಬಾರಿ ಬೆರಳು ತೋರಿಸಿದರೆ ಐದು ಬಾರಿ ತಪ್ಪು. ಆ ಒಬ್ಬರು ಗುರುತೇ ಉಳಿಸದ ಹುಷಾರಿನವರಾಗಿದ್ದರೆ ಐದಕ್ಕೆ ಐದೂ ತಪ್ಪು. ವಿರಾಟನ ಅರಮನೆಯಲ್ಲಿ ಬೃಹನ್ನಳೆಯನ್ನು ವರ್ಷವಿಡೀ ಕಣ್ಣೆದುರಿಗಿಟ್ಟುಕೊಂಡವರಿಗೇ ಅರ್ಜುನ ಕಾಣಲಿಲ್ಲ. ಮಳೆ ಬಾರದಿದ್ದಾಗ ವಿರಾಟಪರ್ವ ಓದಿಸುವ ನಮಗೆ ಇದನ್ನು ಬೇರೆಯವರು ಹೇಳಬೇಕಾಗಿಲ್ಲ.

ಗುಟ್ಟು ಹೊರಬೀಳೋದು ಮುಖದಿಂದಲ್ಲ, ಪೆಟ್ಟಿಗೆಯಿಂದ. ಅದರಲ್ಲೂ ನಮ್ಮ ಮಳೆಗಾಲದಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ. ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಬಚ್ಚಿಟ್ಟ ಸೀರೆ ಆಷಾಢ ಮುಗಿಯೋದರೊಳಗೆ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಒಳಗಿನ ತೇವವನ್ನು ಹೊರಗೆ ಬಿಡಲ್ಲ, ಜರಿ ಕಪ್ಪಾಗುತ್ತದೆ. ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಬೇಕು, ನುಸಿಗುಳಿಗೆಯನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ದೂರ ಇಡಬೇಕು, ಜರಿಗೆ ತಾಗಬಾರದು. ಮಳೆ ಬಿಟ್ಟ ಮೇಲೆ ಗಾಳಿಗೆ ಹರಡಬೇಕು. ಆದರೆ ಬಚ್ಚಿಟ್ಟಿದ್ದನ್ನು ಅಂಗಳದಲ್ಲಿ ಹರಡೋದು ಹೇಗೆ? ಹಾಗಾಗಿ ವಾಸನೆ ಹಿಡಿದು ಮನೆಯವರು ಅಟ್ಟ ಹತ್ತುತ್ತಾರೆ.

ಹತ್ತಿದವರು ಹೆಂಡತಿಯಾಗಿದ್ದರೆ, ಮೊದಲು ಬರುವ ಅನುಮಾನ ಬೇರೆ ಹೆಂಗಸಿನದು. ಸೀರೆಯ ಜೊತೆ ಎರಡು ಹತ್ತರ ಬಳೆ, ಒಂಬತ್ತನೇ ಸೈಜಿನ ಚಪ್ಪಲಿ ಸಿಕ್ಕಿದರೆ ಆ ಅನುಮಾನ ಅಲ್ಲೇ ಬಿಡಬಹುದು. ಬಟ್ಟೆ ಸುಡಬೇಡಿ. ಈ ಜನ ತಾವೇ ಎಷ್ಟೋ ಸಲ ಸುಟ್ಟಿರುತ್ತಾರೆ. ನಾಚಿಕೆಯಾಗಿ ಎಲ್ಲವನ್ನೂ ಹೊಳೆಗೆ ಹಾಕಿ, ಆರು ತಿಂಗಳಿಗೆ ಮತ್ತೆ ಕೊಳ್ಳೋದು ಇವರಲ್ಲಿ ತೀರಾ ಸಾಮಾನ್ಯ. ದುಡ್ಡು ಹೋಗುತ್ತದೆ, ಆಸೆ ಹೋಗಲ್ಲ. ಬದಲು ಕೂತು ಮಾತಾಡಿ: ಎಷ್ಟು ವರ್ಷದಿಂದ, ಎಲ್ಲಿ, ತಿಂಗಳಿಗೆ ಎಷ್ಟು ಖರ್ಚು, ಮಕ್ಕಳು ಮನೆಯಲ್ಲಿರುವಾಗ ಏನು. ನಿಮಗೆ ಒಪ್ಪಿಗೆಯಿಲ್ಲದ್ದನ್ನು ಇಲ್ಲ ಅನ್ನಿ, ಅದಕ್ಕೆ ನಿಮಗೆ ಹಕ್ಕಿದೆ. ತವರಿಗೆ ಫೋನ್ ಮಾಡೋದನ್ನು ಒಂದು ವಾರ ತಡೆಯಿರಿ. ಮಂತ್ರವಾದಿಗೂ ಕೆಲಸವಿಲ್ಲ, "ಬಿಡಿಸಿಕೊಡುತ್ತೇನೆ" ಅನ್ನುವ ಔಷಧಿಗೂ ಇಲ್ಲ. 2022ರ ಜನವರಿ 1ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದು ಕಾಯಿಲೆಯೇ ಅಲ್ಲ. ಇಬ್ಬರಲ್ಲಿ ಯಾರಿಗೇ ನಿದ್ದೆ ಹೋಗಿ, ಊಟ ಸೇರದೆ ಹೋದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿಯೂ ಸಿಗುತ್ತಾರೆ.

ಕಾನೂನೂ ಅಡ್ಡ ಬರಲ್ಲ. ಉಡುಪಿನ ಮೂಲಕ ತನ್ನನ್ನು ತೋರಿಸಿಕೊಳ್ಳುವುದು ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ಹೇಳಿತು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಹೇಳಿತು. ಅಪರಾಧ ಆಗೋದು ಬೇರೆ ಕಡೆ. ಫೋಟೊ ಇಟ್ಟುಕೊಂಡು "ಊರಿಗೆಲ್ಲ ಕಳಿಸುತ್ತೇನೆ, ದುಡ್ಡು ಕೊಡು" ಅಂದರೆ ಅದು ಸುಲಿಗೆ, ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ. ಹೆದರಿ ಮೊದಲ ಕಂತು ಕೊಟ್ಟವರಿಗೆ ಎರಡನೆಯದು ತಪ್ಪಿದ್ದಿಲ್ಲ. ಮೆಸೇಜು ಅಳಿಸಬೇಡಿ, ನಂಬರಿನ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ದೂರು ಕೊಡಿ.

ಕೊನೆಗೆ ದರ್ಜಿಗಳಿಗೆ ನಾಲ್ಕು ಮಾತು, ಯಾಕೆಂದರೆ ಇವರು ಯಾರನ್ನಾದರೂ ನಂಬಿ ಬಾಯಿ ಬಿಡುವುದಿದ್ದರೆ ಅದು ನಿಮ್ಮ ಹತ್ತಿರವೇ. ಎದೆ ಸುತ್ತಳತೆ 38 ಅಂತ ಹೆಂಗಸರ 38ರ ಕಟಿಂಗ್ ಹಾಕಿದರೆ ರವಿಕೆ ಕೆಡುತ್ತದೆ. ಹೆಂಗಸರ ಅಳತೆಯಲ್ಲಿ ಹೆಚ್ಚಿನ ಪಾಲು ಮುಂದೆ, ಗಂಡಸಿನದರಲ್ಲಿ ಬೆನ್ನಿಗೆ. ಕೈ ಎತ್ತಿದ ಕೂಡಲೇ ಕಂಕುಳಲ್ಲಿ ಹೊಲಿಗೆ ಬಿಡುತ್ತದೆ. ಭುಜ ಹದಿನಾಲ್ಕರ ಬದಲು 17 ಇಂಚಿನ ಆಸುಪಾಸು ಬರುತ್ತದೆ, ಬೆನ್ನು ಅಗಲ ಬಿಡಿ, ಮುಂದಿನ ಡಾರ್ಟ್ ಸಣ್ಣದಾಗಿರಲಿ, ಪಕ್ಕದಲ್ಲಿ ಒಂದಿಂಚು ಮಾರ್ಜಿನ್ ಇರಲಿ. ಪ್ಯಾಡ್ ಹಾಕಿಕೊಳ್ಳುವವರಾದರೆ ಪ್ಯಾಡ್ ಹಾಕಿಸಿಯೇ ಅಳತೆ ತೆಗೆಯಿರಿ. ಅಳತೆ ಪುಸ್ತಕದಲ್ಲಿ ಹೆಸರು ಬೇಡ, ಬಿಲ್ ನಂಬರ್ ಸಾಕು. ಮತ್ತೆ, ಹುಕ್ಕು ಮುಂದೆ ಇಡಿ. ಬೆನ್ನಿನ ಹುಕ್ಕು ಒಬ್ಬರೇ ಹಾಕಿಕೊಳ್ಳೋಕಾಗಲ್ಲ, ಹಾಕಿಕೊಡುವವರು ಅವರಿಗೆ ಮನೆಯಲ್ಲಿ ಯಾರೂ ಇರಲ್ಲ.