ಮಾಳಿಗೆಯಿಂದ ಮೋಲ್ಡಿಂಗ್‌ವರೆಗೆ: ದುರ್ಗದ ಸೀಮೆಯ ಮನೆಗಳು

[ಚಿತ್ರದುರ್ಗದ ಕೋಟೆಯೊಳಗೆ, ಅರಮನೆಯ ಮಣ್ಣಿನ ಗೋಡೆಗಳ ಮುಂದೆ]

ಕೋಟೆಗೆ ಬಂದವರೆಲ್ಲ ಓಬವ್ವನ ಕಿಂಡಿ ನೋಡುತ್ತಾರೆ, ಕಲ್ಲಿನ ಗೋಡೆ ಮುಂದೆ ಸೆಲ್ಫಿ ತೆಗೆದುಕೊಂಡು ಇಳಿದುಬಿಡುತ್ತಾರೆ. ನಾನು ಇವತ್ತು ತೋರಿಸಬೇಕು ಅಂದುಕೊಂಡಿದ್ದು ನನ್ನ ಹಿಂದಿರುವ ಈ ಮಣ್ಣಿನ ಗೋಡೆ. ಇದು ನಾಯಕರ ಕಾಲದ ಅರಮನೆಯದು. ಕೋಟೆ ಹೈದರಾಲಿ ಕೈಸೇರಿದ್ದು 1779ರಲ್ಲಿ. ಅಂದರೆ ಕಮ್ಮಿ ಅಂದರೂ ಇದಕ್ಕೆ 240 ವರ್ಷದ ಮೇಲಾಯಿತು. ಸೂರು ಎಂದೋ ಹೋಗಿದೆ. ಗೋಡೆ ಮಾತ್ರ ಮಳೆಗೆ ಮೈಯೊಡ್ಡಿಕೊಂಡು ನಿಂತೇ ಇದೆ.

ಮಣ್ಣು ಇಷ್ಟು ದಿನ ಹೇಗೆ ನಿಂತಿತು? ಅರ್ಧ ಕಟ್ಟಿದವರ ಕೈಚಳಕ. ಇನ್ನರ್ಧ ನಮ್ಮ ಬಡ ಮಳೆ! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ನಮ್ಮಲ್ಲಿ ಸುಮಾರು 600 ಬಿದ್ದರೆ ಒಳ್ಳೆ ವರ್ಷ. ಮಲೆನಾಡಿನ ಮನೆಗೆ ಇಳಿಜಾರು ಸೂರು ಬೇಕೇ ಬೇಕು. ನಮಗೆ ಬೇಕಿರಲಿಲ್ಲ. ಹಾಗಾಗಿ ನಮ್ಮವರು ಸೂರನ್ನೂ ಮಣ್ಣಿನಲ್ಲೇ, ಸಪಾಟಾಗಿ ಹಾಕಿದರು. ಅದೇ ಮಾಳಿಗೆ ಮನೆ.

[ದೃಶ್ಯ: ಚಳ್ಳಕೆರೆ ಕಡೆಯ ಹಳ್ಳಿ, ಮಾಳಿಗೆ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ]

ನಿಮ್ಮ ಊರಲ್ಲಿ ಹಳಬರು ಯಾರಾದರೂ ಇದ್ದರೆ ಕೇಳಿ ನೋಡಿ, ಮನೆ ಎಷ್ಟು ದೊಡ್ಡದು ಅಂತ. ಚದರಡಿ ಲೆಕ್ಕ ಹೇಳುವುದಿಲ್ಲ. "ನಮ್ಮದು ಎಂಟಂಕಣದ ಮನೆ" ಅನ್ನುತ್ತಾರೆ. ಅಂಕಣ ಅಂದರೆ ಎರಡು ತೊಲೆಗಳ ನಡುವಿನ ಜಾಗ. ಸಿಕ್ಕ ಮರದ ಉದ್ದ ಎಷ್ಟೋ ಅಂಕಣವೂ ಅಷ್ಟೇ. ಮನೆಯ ಅಳತೆಯನ್ನು ಬೇವಿನ ಮರ ಹೇಳುತ್ತಿತ್ತು, ಎಂಜಿನಿಯರ್ ಅಲ್ಲ.

ಸೂರು ಹಾಕುವ ಬಗೆ ಹೀಗಿತ್ತು. ಕಂಬ, ಅದರ ತಲೆ ಮೇಲೆ ಬೋದಿಗೆ ಅನ್ನುವ ಅಡ್ಡ ತುಂಡು, ಬೋದಿಗೆ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಒತ್ತೊತ್ತಾಗಿ ಜಂತೆ ಅನ್ನುವ ಸಣ್ಣ ಮರಗಳು. ಅದರ ಮೇಲೆ ಮರದ ಚಕ್ಕೆ, ಲಕ್ಕಿ ಗಿಡದ ಸೊಪ್ಪು ಹಾಸುತ್ತಿದ್ದರು. ಹುಳ ಹಿಡಿಯಬಾರದು ಅಂತ. ಆಮೇಲೆ ಮಣ್ಣು ತುಂಬಿ ತುಳಿದು, ಕೊನೆಗೆ ಒಂದು ಪದರ ಚೌಳು ಮಣ್ಣು. ಇಡೀ ಮನೆಯ ಗುಟ್ಟು ಈ ಕೊನೆಯ ಪದರದಲ್ಲಿದೆ.

[ಗ್ರಾಫಿಕ್: ಮಣ್ಣಿನ ಕಣಗಳ ನಡುವೆ ನೀರಿನ ಹನಿ]

ಚೌಳು ಮಣ್ಣಿನಲ್ಲಿ ಸೋಡಿಯಂ ಜಾಸ್ತಿ. ನೀರು ತಾಗಿದ ಕೂಡಲೇ ಅದರ ಜೇಡಿ ಕಣಗಳು ಊದಿಕೊಂಡು, ಬಿಡಿಬಿಡಿಯಾಗಿ ಹರಡಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ. ಆಮೇಲೆ ಬಿದ್ದ ನೀರು ಇಳಿಯಲು ದಾರಿಯಿಲ್ಲದೆ ಸೂರಿನಂಚಿನ ದೋಣಿ, ಅಂದರೆ ನೀರು ಹೊರಹಾಕುವ ಕೊಳವೆ ಕಡೆ ಹರಿದು ಬೀದಿಗೆ ಬೀಳುತ್ತದೆ. ಹೊಲದಲ್ಲಿ ಇದೇ ಮಣ್ಣಿದ್ದರೆ ರೈತ ತಲೆ ಮೇಲೆ ಕೈಹೊತ್ತು ಕೂರುತ್ತಾನೆ, ನೀರು ಇಂಗುವುದಿಲ್ಲ ಅಂತ. ಸೂರಿಗೆ ಬೇಕಾಗಿದ್ದು ಅದೇ ಗುಣ. ಇದನ್ನು ಮೊದಲು ಕಂಡುಕೊಂಡ ಪುಣ್ಯಾತ್ಮ ಯಾರೋ!

ಆದರೆ ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಹೊಸ ಚೌಳು ತಂದು ಹಾಕಲೇಬೇಕು. ನಮ್ಮಜ್ಜಿ ಮನೆಯಲ್ಲಿ ಇದು ಹಬ್ಬದಷ್ಟೇ ಖಾಯಂ. ಗಾಡಿಯಲ್ಲಿ ಮಣ್ಣು ಬರುತ್ತಿತ್ತು, ಮಕ್ಕಳೆಲ್ಲ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದೆವು. ಒಂದು ವರ್ಷ ಬಿಟ್ಟರೂ ಜಡಿ ಮಳೆಗೆ ತೊಟ್ಟಿಕ್ಕುವುದು ಗ್ಯಾರಂಟಿ. ಎರಡು ವರ್ಷ ಬಿಟ್ಟರೆ ಜಂತೆಯೇ ಕೂರುತ್ತಿತ್ತು.

ಇನ್ನು ತಂಪಿನ ವಿಷಯ. ಮಾಳಿಗೆ ಮನೆ ತಂಪು ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ನಿಜ. ಒಂದಡಿ ದಪ್ಪದ ಮಣ್ಣಿನ ಗೋಡೆಯನ್ನು ಬಿಸಿಲಿನ ಶಾಖ ದಾಟಲು ಹತ್ತಿರ ಹತ್ತಿರ ಹತ್ತು ಗಂಟೆ ಬೇಕು. ಮಧ್ಯಾಹ್ನದ ಬಿಸಿ ಒಳಗೆ ಬರುವ ಹೊತ್ತಿಗೆ ರಾತ್ರಿ. ಆಗ ಜನ ಎಲ್ಲಿರುತ್ತಿದ್ದರು? ಮಾಳಿಗೆ ಮೇಲೆ ಚಾಪೆ ಹಾಸಿಕೊಂಡು ಮಲಗಿರುತ್ತಿದ್ದರು! ಹಗಲು ಒಳಗೆ, ರಾತ್ರಿ ಮೇಲೆ. ಆ ಬದುಕಿಗೆ ಆ ಸೂರು ಸರಿಹೊಂದಿತ್ತು.

ಹಾಗಂತ ಅದನ್ನು ಸ್ವರ್ಗ ಅಂತ ಹೇಳಲಾರೆ. ಕಿಟಕಿ ಕಮ್ಮಿ. ಬೆಳಕು ಬಂದರೆ ಬೆಳಕಿಂಡಿಯಿಂದ, ತಟ್ಟೆಯಷ್ಟಗಲ. ಎಷ್ಟೋ ಮನೆಗಳಲ್ಲಿ ಬಾಗಿಲು ದಾಟಿದರೆ ಮೊದಲು ಸಿಗುವುದು ದನ, ಆಮೇಲೆ ಮೆಟ್ಟಿಲೇರಿ ಪಡಸಾಲೆ. ಒಲೆ ಹೊಗೆಗೆ ಜಂತೆ ಕಪ್ಪಾಗಿ ಮಿರಮಿರ ಮಿಂಚುತ್ತಿತ್ತು. ಆ ಹೊಗೆ ಮರಕ್ಕೆ ಒಳ್ಳೆಯದೇ, ಹುಳ ಬರುವುದಿಲ್ಲ. ಅಜ್ಜಿಯ ಕಣ್ಣಿಗೆ ಮಾತ್ರ ಒಳ್ಳೆಯದಾಗಿರಲಿಲ್ಲ.

[ದೃಶ್ಯ: ದಾವಣಗೆರೆ, ಮಂಡಿಪೇಟೆಯ ಹಳೆ ಕಟ್ಟಡಗಳು]

ಈಗ ಹೆದ್ದಾರಿ ಹಿಡಿದು ದಾವಣಗೆರೆಗೆ ಬನ್ನಿ. 1997ರವರೆಗೆ ಇದೂ ಚಿತ್ರದುರ್ಗ ಜಿಲ್ಲೆಯೇ. ಹತ್ತಿ, ಗಿರಣಿ, ವ್ಯಾಪಾರದಿಂದ ಬೆಳೆದ ಊರು. ದುಡ್ಡು ಬಂದ ಕಡೆ ಸೂರು ಮೊದಲು ಬದಲಾಗುತ್ತದೆ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರು. ಒಂದಕ್ಕೊಂದು ಕಚ್ಚಿಕೊಂಡು ಕೂರುವ ಆ ಕೆಂಪು ಹೆಂಚು ನಿಧಾನಕ್ಕೆ ಬಯಲುಸೀಮೆಗೂ ಬಂತು. ನಮ್ಮ ಮಳೆಗೆ ಅದು ಬೇಕಿತ್ತಾ? ಅಷ್ಟೇನೂ ಬೇಕಿರಲಿಲ್ಲ. ಆದರೆ ಚೌಳು ಹೊರುವ ಕೆಲಸ ತಪ್ಪಿತಲ್ಲ! ಪೇಟೆಯಲ್ಲಿ ಆ ಮಣ್ಣನ್ನು ಎಲ್ಲಿಂದ ತರುತ್ತೀರಿ?

ಪೇಟೆ ಮನೆಗಳ ಮುಂದೆ ಅಂಗಡಿ, ಹಿಂದೆ ಸಂಸಾರ. ಜಗಲಿ ಇದ್ದ ಜಾಗಕ್ಕೆ ಗಲ್ಲಾಪೆಟ್ಟಿಗೆ ಬಂತು. ಆಮೇಲೆ ಪಿ.ಜೆ. ಬಡಾವಣೆಯಂಥ ಕಡೆ ಪೋರ್ಟಿಕೋ, ಕಾಂಪೌಂಡು, ರೆಡ್ ಆಕ್ಸೈಡ್ ನೆಲ ಬಂದವು. ಹೆಂಚಿನ ಮನೆ ಕಾಲ ನಮ್ಮಲ್ಲಿ ಬಹಳ ದಿನ ನಡೆಯಲಿಲ್ಲ. ಸಿಮೆಂಟು ಬಂದೇ ಬಿಟ್ಟಿತು.

[ದೃಶ್ಯ: ಮೋಲ್ಡಿಂಗ್ ದಿನ, ಕಾಂಕ್ರೀಟ್ ಮಿಕ್ಸರ್ ಸದ್ದು]

ಮೂವತ್ತು ನಲವತ್ತರ ಸೈಟು, ನಾಲ್ಕೈದು ಇಂಚಿನ ಸ್ಲ್ಯಾಬು. ಮೋಲ್ಡಿಂಗ್ ದಿನ ಬಂದವರಿಗೆಲ್ಲ ಊಟ. "ಆರ್‌ಸಿಸಿ ಮನೆ ಇದೆ" ಅಂದರೆ ಹೆಣ್ಣು ಕೊಡುವವರು ಮಾತು ಮುಂದುವರಿಸುತ್ತಾರೆ. ಕಾಂಕ್ರೀಟು ಕೊಟ್ಟ ಮುಖ್ಯ ಭರವಸೆ ಒಂದೇ, ಇನ್ನು ಸೂರಿನ ಬಗ್ಗೆ ಯೋಚಿಸಬೇಡಿ ಅನ್ನುವುದು. ನಾವೂ ನಂಬಿದೆವು. ಮೂರನೇ ಮಳೆಗಾಲಕ್ಕೆ ನಮ್ಮ ಹಾಲ್‌ನ ಮೂಲೆಯಲ್ಲಿ ಒದ್ದೆ ಕಲೆ. ಕಟ್ಟಿಸಿದ ಕಂಟ್ರಾಕ್ಟರ್ ಫೋನೇ ಎತ್ತಲಿಲ್ಲ. ಈಗ ಎರಡು ಮೂರು ವರ್ಷಕ್ಕೊಮ್ಮೆ ಡಬ್ಬಿ ಡಬ್ಬಿ ವಾಟರ್‌ಪ್ರೂಫ್ ಬಳಿಯುತ್ತೇವೆ. ಗಾಡಿ ಮಣ್ಣಿನ ಬದಲು ಡಬ್ಬಿ, ಅಷ್ಟೇ ವ್ಯತ್ಯಾಸ ಅಲ್ವಾ?

ಶಾಖದ ಲೆಕ್ಕವೂ ತಿರುಗಿತು. ತೆಳು ಸ್ಲ್ಯಾಬನ್ನು ಬಿಸಿ ಮೂರು ಗಂಟೆ ಆಸುಪಾಸಿನಲ್ಲೇ ದಾಟುತ್ತದೆ. ಏಪ್ರಿಲ್‌ನಲ್ಲಿ ಸಂಜೆ ಏಳಕ್ಕೆ ಸೀಲಿಂಗ್‌ಗೆ ಕೈ ಇಟ್ಟು ನೋಡಿ, ರೊಟ್ಟಿ ಹಂಚು. ಫ್ಯಾನು ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಸಿಂಟೆಕ್ಸ್ ಟ್ಯಾಂಕು, ಡಿಶ್ ಆಂಟೆನಾ ಇರುವ ಟೆರೇಸಿನಲ್ಲಿ ಈಗ ಯಾರೂ ಮಲಗುವುದಿಲ್ಲ.

ಇನ್ನೊಂದು ಕಡೆ, ಜಡಿ ಮಳೆ ಹಿಡಿದ ವರ್ಷ ಪೇಪರ್‌ನಲ್ಲಿ "ಮಾಳಿಗೆ ಮನೆ ಕುಸಿತ" ಅನ್ನುವ ಸುದ್ದಿ ಬರುತ್ತದೆ. ಒಳಗೆ ಮಲಗಿದ್ದವರ ಜೀವ ಹೋಗುತ್ತದೆ. ಚೌಳು ಹೊರುವ ಕೈಗಳು ಬೆಂಗಳೂರು ಸೇರಿವೆ, ತೊಲೆಗೆ ಮರ ಸಿಗುವುದಿಲ್ಲ. ಜನ ಮೋಲ್ಡಿಂಗ್ ಹಾಕಿಸಿದ್ದು ಸುಮ್ನೆ ಶೋಕಿಗಲ್ಲ.

[ದೃಶ್ಯ: ಹಳ್ಳಿ ಮನೆ, ಮುಂಭಾಗ ಟೈಲ್ಸು, ಹಿಂಭಾಗ ಮಣ್ಣು]

ಅಜ್ಜಿ ಮನೆ ಈಗ ಹೀಗಿದೆ. ಬೀದಿಗೆ ಕಾಣುವ ನಾಲ್ಕಂಕಣ ಕೆಡವಿ ಮಾವ ಆರ್‌ಸಿಸಿ ಮಾಡಿಸಿದ್ದಾನೆ. ಸ್ಟೀಲ್ ರೇಲಿಂಗು, ನೇರಳೆ ಬಣ್ಣ, ಎಲ್ಲ ಇದೆ. ಹಿಂದಿನ ನಾಲ್ಕಂಕಣ ಹಾಗೇ ಬಿಟ್ಟಿದ್ದಾನೆ. ದುಡ್ಡು ಸಾಲಲಿಲ್ಲ ಅನ್ನುತ್ತಾನೆ. ಹೋದ ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡಕ್ಕೆ ಹೋದರೆ ಹೊಸ ಹಾಲ್ ಖಾಲಿ, ಟಿವಿ ಒಂದೇ ಓಡುತ್ತಿತ್ತು. ಹಿಂದಕ್ಕೆ ಹೋಗಿ ನೋಡಿದೆ. ಮಾವ, ಅತ್ತೆ, ಮೊಮ್ಮಕ್ಕಳು, ಬೆಕ್ಕು ಸಮೇತ ಜಂತೆ ಕೆಳಗೆ ಸಾಲಾಗಿ ನಿದ್ದೆ ಹೊಡೆಯುತ್ತಿದ್ದರು.