ರನ್‌ವೇ ನೇರ ಇದ್ದರೂ ವಿಮಾನ ಹುಲ್ಲಿಗೆ ಓಡುವುದು ಯಾಕೆ?

ನಮಸ್ಕಾರ. ನಿಮ್ಮಲ್ಲೊಬ್ಬರು ಕೇಳಿದ್ದರು: ‘ರನ್‌ವೇ ನೇರ ಇರುತ್ತೆ, ಎದುರಿಗೆ ಯಾರೂ ಬರಲ್ಲ. ಆದರೂ ಸೋಲೋ, ಅಂದರೆ ಒಬ್ಬರೇ, ಹಾರುವ ವಿದ್ಯಾರ್ಥಿಗಳು ಇಳಿದ ಮೇಲೆ ಪಕ್ಕದ ಹುಲ್ಲಿಗೆ ಹೋಗಿಬಿಡ್ತಾರಲ್ಲ, ಹೇಗೆ?’

ಮೊದಲು ಸಣ್ಣ ಲೆಕ್ಕ. ಪುಟ್ಟ ತರಬೇತಿ ವಿಮಾನ ನೆಲ ಮುಟ್ಟುವಾಗ ಗಂಟೆಗೆ 100 ಕಿ.ಮೀ. ಆಸುಪಾಸಿನ ವೇಗ. ಸೆಕೆಂಡಿಗೆ 28 ಮೀಟರ್. ಮೂತಿ ಬರೀ 10 ಡಿಗ್ರಿ ಓರೆಯಾಗಿ ಆ ಕಡೆಗೇ ಓಡಿದರೆ, ಸೆಕೆಂಡಿಗೆ ಸುಮಾರು 5 ಮೀಟರ್ ಪಕ್ಕಕ್ಕೆ. 30 ಮೀಟರ್ ಅಗಲದ ರನ್‌ವೇಯ ನಟ್ಟನಡುವೆ ಇದ್ದರೂ ಅಂಚು ಮೂರೇ ಸೆಕೆಂಡ್ ದೂರ. ಒಂದು ಸೀನು ಸೀನಿದರೆ ಮುಗೀತು.

ಲಿಫ್ಟ್, ಡ್ರ್ಯಾಗ್ ಪಾಠ ಇವತ್ತು ಬೇಡ. ಇಷ್ಟು ಸಾಕು: ನೆಲದ ಮೇಲೆ ವಿಮಾನ ತಿರುಗಿಸುವುದು ಕಾಲಿನಿಂದ, ರಡ್ಡರ್ (ಬಾಲದಲ್ಲಿ ಎಡಬಲಕ್ಕೆ ಹೊರಳುವ ಹಲಗೆ) ಪೆಡಲ್ ಒತ್ತಿ. ಕೈಯಲ್ಲಿರುವ ಯೋಕ್ ನೋಡೋಕೆ ಕಾರಿನ ಸ್ಟೀರಿಂಗ್ ಥರ ಇದ್ದರೂ ಚಕ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಗಾಬರಿಯಾದಾಗ ಕಾರು ಓಡಿಸಿದ ಕೈಗೇ ಮೊದಲು ಎಚ್ಚರ. ಯೋಕ್ ತಿರುಗಿಸುತ್ತಾರೆ, ವಿಮಾನ ಕೇಳುವುದಿಲ್ಲ. ಇನ್ನೂ ತಿರುಗಿಸುತ್ತಾರೆ!

ಈಗ ನನ್ನ ಇಷ್ಟದ ಭಾಗ.

[ಸಾಮಾನು ತುಂಬಿದ ಶಾಪಿಂಗ್ ಟ್ರಾಲಿ, ಖಾಲಿ ಪಾರ್ಕಿಂಗ್ ಜಾಗ]

ನೋಡಿ, ಇದರ ಮುಂದಿನ ಚಕ್ರಗಳು ಎತ್ತ ಬೇಕಾದರೂ ಹೊರಳುತ್ತವೆ. ಹಿಂದಿನವು ಹೊರಳುವುದಿಲ್ಲ. ಹೀಗೇ ಮುಂದಕ್ಕೆ ತಳ್ಳಿ ಕೈ ಬಿಟ್ಟೆ. ನೆಟ್ಟಗೆ ಹೋಯಿತು. ಈಗ ಉಲ್ಟಾ ಮಾಡಿ, ಹೊರಳದ ಚಕ್ರ ಮುಂದಾಗಿ ತಳ್ಳುತ್ತೇನೆ. ಎರಡು ಹೆಜ್ಜೆ ನೇರ... ಗಿರ್ರನೆ ಸುತ್ತಿತು! ನಾನು ಹನ್ನೊಂದು ಸಲ ತಳ್ಳಿದೆ. ಎರಡು ಸಲ ಸಾಕಿತ್ತು, ಮಿಕ್ಕಿದ್ದು ಸುಮ್ನೆ ಖುಷಿಗೆ. ಹೊರಳದ ಚಕ್ರಗಳು ನೆಲವನ್ನು ಬಿಗಿಯಾಗಿ ಹಿಡಿಯುತ್ತವೆ. ಭಾರ ಅವುಗಳ ಹಿಂದಿದ್ದರೆ ತಾನೇ ಮುಂದೆ ಬರಲು ನುಗ್ಗುತ್ತದೆ. ಚೂರು ಓರೆಯಾದರೆ ಸಾಕು, ಆ ಓರೆಯನ್ನು ಭಾರವೇ ಜಾಸ್ತಿ ಮಾಡುತ್ತದೆ.

ಬಾಲದಡಿ ಪುಟ್ಟ ಚಕ್ರ ಇರುವ ವಿಮಾನಗಳು ಹುಟ್ಟಾ ಉಲ್ಟಾ ಟ್ರಾಲಿಗಳು. ಅವು ಹೀಗೆ ಸುತ್ತುವುದಕ್ಕೆ ಗ್ರೌಂಡ್ ಲೂಪ್ ಅನ್ನುತ್ತಾರೆ. ತರಬೇತಿಗೆ ಬಳಸುವ ಸೆಸ್ನಾ 172 ವಿಮಾನ ಹಾಗಲ್ಲ. ಅದಕ್ಕೆ ಮೂತಿಯಡಿ ಚಕ್ರ, ಭಾರ ದೊಡ್ಡ ಚಕ್ರಗಳಿಗಿಂತ ಮುಂದೆ. ತಾನೇ ನೆಟ್ಟಗಾಗಬೇಕು, ಅಲ್ವಾ?

ಆದರೆ ಸೋಲೋ ದಿನ ಪಕ್ಕದ ಸೀಟು ಖಾಲಿ. ಇನ್‌ಸ್ಟ್ರಕ್ಟರ್ ಇಳಿದಿದ್ದಾರೆ, ಒಬ್ಬರ ತೂಕ ಕಡಿಮೆ. ಎಂದಿನ ವೇಗದಲ್ಲೇ ಬಂದರೆ ವಿಮಾನ ರನ್‌ವೇ ಮೇಲೆ ತೇಲುತ್ತಾ ಹೋಗುತ್ತದೆ, ಕೂರುವುದೇ ಇಲ್ಲ. ಮುಂದೆ ರನ್‌ವೇ ಕರಗುತ್ತಿದೆ. ತಾಳ್ಮೆಗೆಟ್ಟು ಯೋಕನ್ನು ಮುಂದಕ್ಕೆ ಒತ್ತುತ್ತಾರೆ: ಕೂತ್ಕೋ ಮಾರಾಯ! ಮೂತಿಯ ಚಕ್ರ ನೆಲಕ್ಕೆ ಒತ್ತುತ್ತದೆ. ರೆಕ್ಕೆ ಇನ್ನೂ ಮೇಲೆತ್ತುತ್ತಿರುವುದರಿಂದ ದೊಡ್ಡ ಚಕ್ರಗಳ ಮೇಲೆ ಭಾರವೇ ಇಲ್ಲ. ಈಗ ನೆಲ ಹಿಡಿದಿರುವುದು ಮೂತಿಯ ಚಕ್ರ, ವಿಮಾನವೆಲ್ಲ ಅದರ ಹಿಂದೆ.

[ಉಲ್ಟಾ ಟ್ರಾಲಿ ಮತ್ತೊಮ್ಮೆ]

ಒಂಟಿ ಚಕ್ರದ ತಳ್ಳುಗಾಡಿಯ ಹೆಸರಲ್ಲೇ ಇದನ್ನು ವೀಲ್‌ಬ್ಯಾರೋಯಿಂಗ್ ಅಂತ ಕರೆಯುತ್ತಾರೆ. ಆಗ ಬ್ರೇಕ್ ಒತ್ತಿದರೂ ಹಿಡಿಯುವುದಿಲ್ಲ. ಬ್ರೇಕ್ ಇರುವುದು ಆ ಹಗುರಾದ ದೊಡ್ಡ ಚಕ್ರಗಳಲ್ಲೇ! ಯೋಕ್ ಹಿಂದಕ್ಕೆ ಸಡಿಲಿಸಿ ಮೂತಿಯ ಭಾರ ಇಳಿಸಬೇಕು. ಗಾಬರಿಗೆ ಇದಕ್ಕಿಂತ ಉಲ್ಟಾ ಕೆಲಸ ಇನ್ನೊಂದಿಲ್ಲ.

ಟೈಮ್ ಆಯ್ತು, ಎಡಿಟರ್ ಗಡಿಯಾರ ತೋರಿಸುತ್ತಿದ್ದಾರೆ. ಮಿಕ್ಕಿದ್ದು ಬೇಗ ಬೇಗ. ಅಡ್ಡಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ಗಾಳಿಯ ಕಡೆ ತಿರುಗಿಸುತ್ತದೆ. ವೇಗ ಇಳಿದಂತೆ ರಡ್ಡರ್‌ಗೆ ಸಿಗುವ ಗಾಳಿ ಕಡಿಮೆ, ಹಾಗಾಗಿ ‘ಇಳಿದಾಯ್ತು’ ಅಂತ ಕಾಲು ಸಡಿಲ ಬಿಟ್ಟ ಹೊತ್ತಲ್ಲೇ ಎಡವಟ್ಟು. ಎಡಕ್ಕೆ ಹೋಯಿತೆಂದು ಬಲ ಪೆಡಲ್ ಜೋರಾಗಿ ಒದ್ದರೆ ಬಲಕ್ಕೆ ಹಾವಿನ ಓಟ. ಗೋ ಅರೌಂಡ್, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರುವುದು, ಒಳ್ಳೆಯ ದಾರಿ, ಆದರೆ ಬೇಗ ಮಾಡಬೇಕು. ಇಂಥ ವಿಮಾನದಲ್ಲಿ ಪೂರ್ತಿ ಪವರ್ ಕೊಟ್ಟೊಡನೆ ಮೂತಿ ಎಡಕ್ಕೆ ಎಳೆಯುತ್ತದೆ. ಮೊದಲೇ ಎಡ ಅಂಚಿನಲ್ಲಿದ್ದು ಬಲಗಾಲು ಮರೆತರೆ, ಹುಲ್ಲು ಇನ್ನೂ ಬೇಗ ಬರುತ್ತದೆ.

ನಾನು ಹೋಗಿ ಟ್ರಾಲಿ ವಾಪಸ್ ಕೊಟ್ಟು ಬರ್ತೀನಿ. ಮುಂದಕ್ಕೇ ತಳ್ಳಿಕೊಂಡು.